ಸಾಲದ ಪತ್ರಕ್ಕೆ ಹಚ್ಚಿದ ಅರಿಶಿನ

2014ನೇ ಇಸವಿ. ಸಿಂಗಪುರದ ಚೋವಾ ಚು ಕಾಂಗ್‌ನಲ್ಲಿ ಮನೆ ಕೊಂಡು ಎರಡು ವರ್ಷವಾಗಿತ್ತು. ನಾನು ಏಳು ತಿಂಗಳ ಬಸುರಿ. ನಮ್ಮ ಮನೆಸಾಲ ಎರಡು ಭಾಗವಾಗಿತ್ತು: ಅರ್ಧಕ್ಕೆ ನಿಗದಿತ ಬಡ್ಡಿ, ಇನ್ನರ್ಧಕ್ಕೆ ಮಾರುಕಟ್ಟೆಯ ಜೊತೆ ಏರಿಳಿಯುವ ಬಡ್ಡಿ. ಹಾಗೇ ಬೇಕೆಂದು ಹಟ ಹಿಡಿದವಳು ನಾನೇ. ಸಾಲದ ಪತ್ರ ಬಂದ ದಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟವಳೂ ನಾನೇ. "ಸಾಲಕ್ಕೂ ಪೂಜೆ ಮಾಡ್ತಾರೇನೇ?" ಎಂದು ನನ್ನ ಗಂಡ ಬಿದ್ದು ಬಿದ್ದು ನಕ್ಕಿದ್ದರು.

ಒಂದು ದಿನ ಬ್ಯಾಂಕಿನವರು ಬರೆದರು. ಏರಿಳಿಯುವ ಭಾಗಕ್ಕೆ ತಪ್ಪಾಗಿ ಹೆಚ್ಚು ಬಡ್ಡಿ ಹಾಕಿದ್ದೇವೆ, ಕ್ಷಮಿಸಿ, ಹಣ ವಾಪಸ್ ಕೊಡುತ್ತೇವೆ ಎಂದು. ನನಗೋ ಕುಣಿಯುವಷ್ಟು ಖುಷಿ. ನಾನು ಕೆಲಸ ಬಿಟ್ಟಿದ್ದೆ, ಮನೆಯಲ್ಲಿ ಒಂದೇ ಸಂಬಳ. ಬಾಣಂತನಕ್ಕೆ ಮೈಸೂರಿನಿಂದ ಅಮ್ಮನನ್ನು ಕರೆಸಲು ಟಿಕೆಟ್ ದುಡ್ಡು ಸಿಕ್ಕಿತಲ್ಲ!

ಮುಂದಿನ ತಿಂಗಳ ಸ್ಟೇಟ್‌ಮೆಂಟ್ ನೋಡಿ ಮೈ ಉರಿದುಹೋಯಿತು. ಆ ಹಣವನ್ನು ನಮ್ಮನ್ನು ಕೇಳದೆ ನಿಗದಿತ ಬಡ್ಡಿಯ ಭಾಗಕ್ಕೆ ಜಮಾ ಮಾಡಿದ್ದರು. ಅದರ ಮೇಲೆ, ಅವಧಿಗೆ ಮುಂಚೆ ಸಾಲ ಕಟ್ಟಿದ್ದೀರಿ ಎಂದು ನಮಗೇ ದಂಡ!

"ಬಿಡೇ, ಈ ಹೊಟ್ಟೆ ಇಟ್ಕೊಂಡು ಬ್ಯಾಂಕ್ ಜೊತೆ ಏನು ಜಗಳ?" ಎಂದರು ಇವರು.

"ಹಾಗಾದ್ರೆ ಬಾಣಂತನ ನೀವು ಮಾಡ್ತೀರಾ?" ಎಂದೆ.

ಮರುದಿನವೇ ಎಂಆರ್‌ಟಿ ರೈಲು ಹತ್ತಿ ರಾಫೆಲ್ಸ್ ಪ್ಲೇಸ್‌ನಲ್ಲಿದ್ದ ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದವಳು "ಸಿಸ್ಟಮ್ ಹಾಗೆ ತಗೊಂಡಿದೆ, ಮೇಡಂ" ಎಂದು ಕೈತೊಳೆದುಕೊಂಡಳು.

"ತಪ್ಪು ಮಾಡಿದ್ದು ನೀವು, ದುಡ್ಡು ಹಾಕಿದ್ದು ನೀವು, ದಂಡ ಮಾತ್ರ ನನಗಾ?" ನನ್ನ ದನಿ ಏರಿತು. ಗಲಾಟೆ ಕೇಳಿ ಒಳಗಿನಿಂದ ಹಿರಿಯ ಅಧಿಕಾರಿಯೊಬ್ಬರು ಬಂದರು, ಐವತ್ತು ದಾಟಿದ ಚೀನೀ ಆಂಟಿ. ನಾನು ತಂದಿದ್ದ ಸಾಲದ ಪತ್ರ ತೆಗೆದುಕೊಂಡು, ಹಳದಿ ಮೂಲೆಗಳನ್ನು ನೋಡಿ, "ಸಾರು ಚೆಲ್ಲಿದ್ಯಾ?" ಎಂದು ಕೇಳಿದರು.

ನಾಚಿಕೆಯಿಂದಲೇ ಅರಿಶಿನದ ಕಥೆ ಹೇಳಿದೆ. ಜೊತೆಗೆ ಅಮ್ಮನ ಟಿಕೆಟ್ಟಿನ ಕಥೆಯೂ ಹೊರಬಂತು. ಆಂಟಿ ಜೋರಾಗಿ ನಕ್ಕು, ಕನ್ನಡಕ ಏರಿಸಿ ಪತ್ರ ಓದಿದರು. ಸಾಲಗಾರರು ತಾವಾಗಿ ಮುಂಚೆ ಕಟ್ಟಿದರೆ ಮಾತ್ರ ದಂಡ ಎಂದು ಅಲ್ಲೇ ಬರೆದಿತ್ತು. "ಕಟ್ಟಿದ್ದು ನೀನಲ್ಲ, ನಾವು. ನೀನು ಹೇಳಿದ್ದೇ ಸರಿ ಲಾ!" ಎಂದರು ಸಿಂಗಪುರದವರ ಧಾಟಿಯಲ್ಲಿ.

ವಾರದೊಳಗೆ ದಂಡ ರದ್ದಾಗಿ, ಪೂರ್ತಿ ಹಣ ನಮ್ಮ ಕೈಗೆ ಬಂತು. ತಿದ್ದಿ ಕಳಿಸಿದ ಹೊಸ ಪತ್ರಕ್ಕೆ ಆಂಟಿ ಒಂದು ಚೀಟಿ ಅಂಟಿಸಿದ್ದರು: "ಇದಕ್ಕೂ ಹಳದಿ ಹಚ್ಚು."

ನಾನು ಹಚ್ಚಲಿಲ್ಲ, ಅಮ್ಮನ ಕೈಯಲ್ಲೇ ಹಚ್ಚಿಸೋಣವೆಂದು ಎತ್ತಿಟ್ಟೆ. ತಿಂಗಳಾದ ಮೇಲೆ ಅಂಟಿನುಂಡೆಯ ಡಬ್ಬಿ ಹಿಡಿದು ಬಂದಿಳಿದ ಅಮ್ಮ, ಕೈಕಾಲು ತೊಳೆದು ಮೊದಲು ಮಾಡಿದ ಕೆಲಸ ಅದು. ಈ ಸಲ ಇವರು ನಗಲಿಲ್ಲ, ಅರಿಶಿನದ ಬಟ್ಟಲನ್ನು ತಾವೇ ತಂದುಕೊಟ್ಟರು.

ಅಳದಿದ್ದರೆ ತಾಯಿಯೂ ಹಾಲು ಕೊಡಳು ಎನ್ನುತ್ತಾರೆ. ನಾನು ಬಾಯಿಬಿಟ್ಟು ಕೇಳಿದ್ದಕ್ಕೆ ತಾಯಿಯೇ ಬಂದಳು.