ಗೇಟಿನ ಕಡೆ ತಿರುಗಿದ ತಲೆಗಳು

ಲೈಂಗಿಕ ಅಪರಾಧಿಗಳಲ್ಲಿ ಎಷ್ಟು ಬಗೆ, ಒಬ್ಬನಿಗೂ ಇನ್ನೊಬ್ಬನಿಗೂ ಏನು ವ್ಯತ್ಯಾಸ ಎಂದು ಜೈಲಿನ ಕಡತಗಳನ್ನು ಓದಿ ವಿಂಗಡಿಸುವುದು ನನ್ನ ಕೆಲಸ. ನೆಂಟರ ಮುಂದೆ ಅಮ್ಮ ಅದನ್ನು 'ಕಾಲೇಜಿನಲ್ಲಿ ಏನೋ ಬರೆಯೋ ಕೆಲಸ' ಎನ್ನುತ್ತಾಳೆ. ಹಾಗಿರುವಾಗ ಯಲಹಂಕದ ನಮ್ಮ ಅಪಾರ್ಟ್‌ಮೆಂಟ್ ಸಂಘದವರು, ಮಕ್ಕಳ ಸುರಕ್ಷತೆಯ ಬಗ್ಗೆ ಮಾತಾಡಿ ಎಂದು ಕರೆದದ್ದೇ ತಡ, ಉಬ್ಬಿಹೋದೆ.

ಭಾನುವಾರ ಬೆಳಿಗ್ಗೆ ಗೇಟಿನ ಪಕ್ಕದ ಹಾಲ್‌ನಲ್ಲಿ ಸಭೆ. ಇಂಥವರೆಲ್ಲ ಒಂದೇ ಥರ ಇರುವುದಿಲ್ಲ ಎಂದೆ. ಕೋಪ ತೀರಿಸಿಕೊಳ್ಳಲು ಮಾಡುವವರಿದ್ದಾರೆ, ಅವಕಾಶ ಸಿಕ್ಕಿತೆಂದು ಮಾಡುವವರಿದ್ದಾರೆ, ಮನೆಯವರ ನಂಬಿಕೆ ಗಳಿಸಿ ಮಾಡುವವರಿದ್ದಾರೆ. ಬಹಳ ಸಲ ಪರಿಚಿತರೇ. ಅಲ್ಲಿಗೆ ನಿಲ್ಲಿಸಬೇಕಿತ್ತು. "ಕೆಲವರು ಒಂಟಿ. ದೊಡ್ಡವರ ಜೊತೆ ಬೆರೆಯದೆ ಮಕ್ಕಳ ಜೊತೆಗೇ ಇರ್ತಾರೆ" ಎಂದುಬಿಟ್ಟೆ. ಮುಂದಿನ ಸಾಲಿನ ತಲೆಗಳು ಕಿಟಕಿಯಾಚೆ ಗೇಟಿನ ಕಡೆ ತಿರುಗಿದವು.

ಅಲ್ಲಿ ನಮ್ಮ ವಾಚ್‌ಮನ್ ಕೂತಿದ್ದರು. ಚಿಕ್ಕಜಾಲದವರು, ಅರವತ್ತರ ಹತ್ತಿರ, ಮದುವೆಯಾಗಿಲ್ಲ. ಅಣ್ಣನ ಹಿತ್ತಲಿನ ಸೀಬೆಕಾಯಿ ತಂದು ಮಕ್ಕಳಿಗೆ ಹಂಚುವವರು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮೂರೇ ದಿನದಲ್ಲಿ ಅವರನ್ನು ಕೆಲಸದಿಂದ ತೆಗೆಯುವ ಸುದ್ದಿ ಬಂತು. ಕಾರ್ಯದರ್ಶಿಯ ಮನೆಗೆ ಓಡಿದೆ.

"ಮೇಡಂ, ನೀವೇ ಹೇಳಿದ್ರಲ್ಲ?" ಎಂದರು.

ನನಗೆ ನನ್ನ ಮೇಲೇ ಸಿಟ್ಟು ಬಂತು. ನಮ್ಮ ವಿಂಗಡಣೆಯೆಲ್ಲ ತಪ್ಪು ಸಾಬೀತಾದವರದು. ಅದನ್ನು ತಿರುಗಿಸಿ ಓದಿ, ಹಾಗೆ ಕಾಣುವವರೆಲ್ಲ ತಪ್ಪಿತಸ್ಥರು ಎನ್ನಲು ಬರುವುದಿಲ್ಲ. ಇದನ್ನೇ ಸಭೆಯಲ್ಲಿ ಮೊದಲು ಹೇಳಬೇಕಿತ್ತು.

"ನಂಗೂ ಮದ್ವೆ ಆಗಿಲ್ಲ. ನಿಮ್ಮ ಮಗಳಿಗೆ ಚಾಕ್ಲೇಟ್ ಕೊಡ್ತೀನಿ. ನನ್ನನ್ನೂ ಕಳಿಸ್ತೀರಾ?" ಎಂದು ಜಗಳಕ್ಕೇ ನಿಂತೆ.

ಸಂಜೆ ಮತ್ತೆ ಸಭೆ ಸೇರಿಸಿ ನನ್ನ ತಪ್ಪು ಒಪ್ಪಿಕೊಂಡೆ. ಮುಖ ನೋಡಿ ಅಳೆಯಬೇಡಿ, ಮಗು ಏನಾದರೂ ಹೇಳಿದರೆ ಕೂತು ಕೇಳಿ, ನಂಬಿ ಎಂದೆ. ವಾಚ್‌ಮನ್ ಇರಲಿ ಎಂದು ತೀರ್ಮಾನವಾಯಿತು.

ಗೆದ್ದ ಖುಷಿಯಲ್ಲಿ ಗೇಟಿಗೆ ಹೋದರೆ ಅವರು ಟಿಫಿನ್ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

"ಬಾಗಲೂರ್ ಕಡೆ ಗೋಡೌನ್‌ನಾಗೆ ಕೆಲ್ಸ ಐತಂತೆ. ಓಯ್ತೀನಿ ಕಣಮ್ಮ."

"ಯಾಕೆ? ಎಲ್ಲ ಸರಿಹೋಯ್ತಲ್ಲ."

"ದೊಡ್ಡೋರ್ದು ಸರಿಓಯ್ತು. ನಿನ್ನೆ ಆ ಮೂರ್ನೇ ಮಹಡಿ ಪುಟ್ಟಿ ನನ್ ಕೈಯಿಂದ ಸೀಬೆಕಾಯಿ ಇಸ್ಕೊಂಡು, ಓಗಿ ಕಸದ ಡಬ್ಬಕ್ಕೆ ಆಕ್ತು. 'ಅಮ್ಮ ಏಳವ್ಳೆ' ಅಂತು."

ಚೀಲದಲ್ಲಿ ಇನ್ನೂ ಎರಡು ಸೀಬೆಕಾಯಿ ಇದ್ದವು. ಒಂದನ್ನು ಕೇಳಿ ಇಸಿದುಕೊಂಡು ಅವರೆದುರೇ ನಿಂತು ತಿಂದೆ. ಪೂರ್ತಿ ತಿಂದು ಮುಗಿಸುವವರೆಗೂ ಅವರು ಕಾದರು, ಆಮೇಲೆ ಚೀಲ ಹೆಗಲಿಗೇರಿಸಿ ಹೊರಟರು.