ಟೇಲರ್ ಕಾಕಾನ ಆಕಳು

ಉಗಾರ ಬುದ್ರುಕದಲ್ಲಿ ನಮ್ಮ ಪಕ್ಕದ ಮನೆಯ ಟೇಲರ್ ಕಾಕಾ ಯಾವ ಅಂಗಿಯನ್ನೂ ಹೇಳಿದ ದಿನ ಕೊಟ್ಟವರಲ್ಲ. ಗಿರಾಕಿಯ ಚಪ್ಪಲಿ ಸದ್ದು ಕೇಳಿದ ಕೂಡಲೇ ಕಾಲರಿಗೆ ಚುಚ್ಚಿದ್ದ ಸೂಜಿಯನ್ನು ಕೈಗೆ ತೆಗೆದುಕೊಂಡು, "ಗುಂಡಿ ಹಚ್ಚೂದಷ್ಟ ಉಳದೈತ್ರಿ," ಎನ್ನುತ್ತಿದ್ದರು. ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿರುತ್ತಿರಲಿಲ್ಲ.

ಅವರ ಅವಸರವೆಲ್ಲ ಹಿತ್ತಲಿನ ಗಬ್ಬದ ಆಕಳಿಗೆ ಮೀಸಲು. ದಿನಾ ಸಂಜೆ ಅದರ ಹೊಟ್ಟೆಗೆ ಟೇಪು ಸುತ್ತಿ ಅಳೆದು, ನಿನ್ನೆಗಿಂತ ಬೆಳೆದಿಲ್ಲವೆಂದು ಅದರ ಮೇಲೇ ಸಿಟ್ಟಾಗುತ್ತಿದ್ದರು.

ಆಕಳು ಈದ ದಿನ ನಾನೂ ಅವ್ವನೂ ಅಂಗಿ ಕೇಳಲು ಹೋಗಿದ್ದೆವು. ಮರುದಿನ ನನ್ನ ನಿಶ್ಚಿತಾರ್ಥ. ಹಿತ್ತಲಿನಲ್ಲಿ ಕರು ಆಗಲೇ ಎದ್ದು ಹಾಲು ಕುಡಿಯುತ್ತಿತ್ತು. ಕರುವಿನ ಹಿಂದೆಯೇ ಬೀಳಬೇಕಾದ ಮಾಸು ಮಾತ್ರ ಬೀಳದೆ ಜೋತಾಡುತ್ತಿತ್ತು. ಎಳೆಯಲು ಕಾಕಾ ಕೈ ಹಾಕಿದ್ದೇ, ಅವರೇ ಕರೆಸಿದ್ದ ದನದ ಡಾಕ್ಟರು ತಡೆದರು.

"ಜಗ್ಗಬ್ಯಾಡ್ರಿ. ಗಬ್ಬ ಇದ್ದಾಗ ಮಾಸು ಗರ್ಭಚೀಲಕ್ಕ ಗುಂಡಿ ಹಚ್ಚಿದಂಗ ಅಲ್ಲಲ್ಲಿ ಹತ್ತಿಕೊಂಡು ಬೆಳದಿರತೈತಿ. ಹೊಟ್ಯಾಗಿನ ಕರುವಿಗೆ ಉಣ್ಣಾಕ ಸಿಗೂದೂ ಅಲ್ಲಿಂದನ. ಈಗ ಆ ಗುಂಡಿ ತಾವ ಬಿಚ್ಚಿಕೋಬೇಕು. ಜಗ್ಗಿದ್ರ ಒಳಗ ಹರೀತೈತಿ."

ಕಾಕಾ ಕೈ ತೆಗೆದರು, ಆದರೆ ನಿಂತಲ್ಲಿ ನಿಲ್ಲಲಿಲ್ಲ. ಆಕಳ ಸುತ್ತ ತಿರುಗುತ್ತಾ, "ಇನ್ನೂ ಎಷ್ಟೊತ್ತರಿ?" ಎಂದು ಮತ್ತೆ ಮತ್ತೆ ಕೇಳಿದರು.

ಡಾಕ್ಟರು ಉತ್ತರ ಕೊಡುವ ಮೊದಲೇ, ಕಟ್ಟೆಯ ಮೇಲೆ ಕೂತು ಕಾದಿದ್ದ ಅವ್ವ ಹೇಳಿದಳು: "ಅವಸರ ಮಾಡಬ್ಯಾಡ್ರಿ ಅಣ್ಣಾರ. ಗುಂಡಿ ಬಿಚ್ಚೂದಷ್ಟ ಉಳದೈತಿ."

ಕಾಕಾನ ಕೈ ತಾನಾಗಿ ಕಾಲರಿನ ಸೂಜಿಗೆ ಹೋಯಿತು.