ಎಲಿಸಿಯೊನ ಓಕ್ ಸಸಿಗಳು

ಟೆಕ್ಸಾಸಿನ ನಮ್ಮ ಬೀದಿಯಲ್ಲಿ ಓಕ್ ಸಸಿ ಮಾರುತ್ತಿದ್ದ ಗೆಳೆಯ ಎಲಿಸಿಯೊ ಗಿರಾಕಿಗಳನ್ನು ಬೈಯದೆ ಕಳಿಸಿದವನಲ್ಲ. ದೊಡ್ಡ ಗಿಡ ಕೇಳಿದವರಿಗೆ, "ಮೊಣಕಾಲೆತ್ತರದ್ದು ತಗೋ ಅಕ್ಕಾ, ಬೇಗ ಬೇರು ಬಿಟ್ಟು ಬರ ತಡ್ಕೊಳ್ಳುತ್ತೆ" ಎನ್ನುವನು. "ನೆರಳು ಬರೋಷ್ಟರಲ್ಲಿ ನಾನಿರಲ್ವಲ್ಲೋ!" ಎಂದರೆ, "ಅಲ್ಲೀವರೆಗೆ ಕೊಡೆ ಹಿಡ್ಕೋ!" ವಸಂತದಲ್ಲಿ ಗರಗಸದ ಸದ್ದಾದರೆ ಕೊಯ್ದ ಜಾಗಕ್ಕೆ ಬಳಿಯಲು ಬಣ್ಣದ ಡಬ್ಬಿ ಹಿಡಿದು ಓಡುವನು; ಓಕ್ ಮರದ ಹಸಿ ಗಾಯದ ಮೇಲೆ ಕೂರುವ ಜೀರುಂಡೆ ಬಾಡುರೋಗ ತರುತ್ತದೆ. ಹಿಂದೊಮ್ಮೆ ಮಗಳ ಮದುವೆಯ ಗಡಿಬಿಡಿಯಲ್ಲಿ ಅವನೇ ಕೊಂಬೆ ಸವರಿ ಬಣ್ಣ ಹಚ್ಚಲು ಮರೆತಿದ್ದ. ರೋಗ ಬೇರಿನಿಂದ ಬೇರಿಗೆ ಹಬ್ಬಿ ಬೀದಿಯ ಓಕ್ ಮರಗಳೆಲ್ಲ ಸತ್ತವು. ಆಮೇಲೆ ರೋಗಕ್ಕೆ ಬಗ್ಗದ ಜಾತಿಯ ಸಸಿಗಳನ್ನು ಮನೆಮನೆಗೂ ನೆಟ್ಟು ಇಪ್ಪತ್ತು ಬೇಸಿಗೆ ನೀರೆರೆದ. ಅವನ ಪಕ್ಕದ ಮನೆಯ ಒಟಿಲಿ, ತನ್ನ ಮರ ಸತ್ತ ಸಿಟ್ಟಿಗೆ, ಸಸಿ ನೆಡಲು ಬಿಟ್ಟಳೇ ಹೊರತು ಅವನೊಡನೆ ಮಾತಾಡಲಿಲ್ಲ. ಮೊನ್ನೆ ಅವನನ್ನು ಮಣ್ಣು ಮಾಡಿ ಬಂದಾಗ ಆಕೆ ತನ್ನ ಅಂಗಳದಲ್ಲಿ ಅವನು ನೆಟ್ಟ ಮರದಡಿ ಮೇಜು ಹಾಕಿ ಊಟ ಬಡಿಸಿಟ್ಟಿದ್ದಳು. "ಇಲ್ಲೇ ಕೂತ್ಕೊಳ್ಳಿ," ಎಂದಳು, "ತಂಪಾಗಿದೆ."